ಒಂಬತ್ತು ಗಂಟಿನ ದಾರ

ಕಾತ್ಯಾಯಿನಿ ಹೂ ಕಟ್ಟುವ ದಾರವನ್ನು ಜರ್ಮನಿಯ ನಕ್ಷೆಯ ಮೇಲೆ ರಸ್ತೆಯ ಅಂಕುಡೊಂಕಿಗೆ ಸರಿಯಾಗಿ ಹಾಸಿ, ಬಿಯರ್ ಮಾಡುವ ಹಳೆಯ ಊರು ಬಂದಲ್ಲೆಲ್ಲ ಒಂದೊಂದು ಗಂಟು ಹಾಕಿದಳು. ಒಂಬತ್ತು ಗಂಟಾಯಿತು.

“ದಿನಕ್ಕೊಂದು ಊರು, ಊರಿಗೊಂದು ಗ್ಲಾಸು,” ಎಂದ ಗಂಡ ಚಕ್ರಪಾಣಿ. “ಸೈಕಲ್ ಅಲ್ಲಿರೋ ನನ್ನ ಪೆನ್‌ಫ್ರೆಂಡ್ ಕೊಡ್ತಾನೆ. ನಿನಗೂ ವ್ಯವಸ್ಥೆ ಮಾಡಿದೀನಿ ಕಣೇ.” ಫೋರ್ತ್ ಬ್ಲಾಕಿನ ಅಂಗಡಿಯಲ್ಲಿ ಹೊಲಿಸಿದ ಕೆಂಪು ರೆಕ್ಸಿನ್ ದಿಂಬನ್ನು ಮುಂದಿಟ್ಟ. “ಕ್ಯಾರಿಯರ್‌ಗೆ. ಮೆತ್ತಗಿರುತ್ತೆ.”

ಒಂದು ತಿಂಗಳಿಂದ ಹಾಲಿನ ಬೂತಿಗೆಂದು ಹೊರಟು, ಪಕ್ಕದ ಮನೆಯ ಜಯಾಳ ಸೈಕಲ್ಲಿನಲ್ಲಿ ಗುಟ್ಟಾಗಿ ಸವಾರಿ ಕಲಿಯುತ್ತಿದ್ದ ಕಾತ್ಯಾಯಿನಿ ಸೀರೆಯೊಳಗಿನ ತರಚಿದ ಮಂಡಿಯನ್ನು ಸವರಿಕೊಂಡಳು.

“ನೀವು ಕುಡಿದು ಓಲಾಡ್ತಾ ತುಳೀತೀರ, ನಾನು ಹಿಂದೆ ದೇವರ ನೆನೀತಾ ಇರ್ಬೇಕಾ?”

“ತಮಾಷೆ ಸಾಕು. ಒಂದ್ಸಲ ಕೂತು ನೋಡೇ.”

ಅವಳು ದಿಂಬನ್ನು ಅವನ ಕಡೆಗೇ ಸರಿಸಿದಳು.

“ನಿಮ್ಮ ಫ್ರೆಂಡಿಗೆ ಎರಡು ಸೈಕಲ್ ಅಂತ ಬರೀರಿ. ಕ್ಯಾರಿಯರ್ ಮೇಲೆ ನಾನು ಕೂರಲ್ಲ.”