ಬಾಯಿ ಬಿಡದ ಆಟ

"ಯಾವ ಕ್ಲಬ್ ತಗೊಂಡೆ?" ಭಾವ ಕೇಳಿದರು.

ಡಾಕ್ಟರ ಕೈಯಲ್ಲಿದ್ದ ಗಾಲ್ಫ್ ಕೋಲನ್ನು ಮೈಗೆ ಮರೆಮಾಡಿಕೊಂಡ. ಚೆಂಡನ್ನು ಟೀ ಎಂಬ ಪುಟ್ಟ ಗೂಟದ ಮೇಲೆ ಕೂರಿಸಿ ಬೆನ್ನು ತಿರುಗಿಸಿ ನಿಂತ. ಇವತ್ತು ಆಟ ಮುಗಿಯುವವರೆಗೂ ಬಾಯಿ ಬಿಡಬಾರದೆಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿಶ್ಚಯಿಸಿದ್ದ.

ಇದು ಕೊನೆಯ ಕುಳಿ. ಇಬ್ಬರೂ ಸಮಸಮ. ಭಾನುವಾರ ಬಂತೆಂದರೆ ಅಕ್ಕನ ಗಂಡನ ಕೈಯಲ್ಲಿ ಸೋಲುವುದು ಡಾಕ್ಟರನ ಹಣೆಬರಹವಾಗಿಬಿಟ್ಟಿತ್ತು. ಭಾವನಿಗೆ ವಯಸ್ಸಾಗಿತ್ತು, ಹೊಟ್ಟೆ ಬೇರೆ ಬಂದಿತ್ತು. ಡಾಕ್ಟರನ ಚೆಂಡು ಹೋಗುವಷ್ಟು ದೂರ ಅವರದು ಒಮ್ಮೆಯೂ ಹೋದದ್ದಿಲ್ಲ. ಆದರೂ ಕುಳಿಯಿಂದ ಕುಳಿಗೆ ಪಾರ್, ಮತ್ತೆ ಪಾರ್. ನಿಗದಿಯಾದಷ್ಟೇ ಹೊಡೆತ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರ ರೀತಿಯೇ ಮೈ ಉರಿಸುವಂಥದ್ದು. ಹಿಂದಿನ ಕುಳಿ ಗೆದ್ದವರು ಮೊದಲು ಹೊಡೆಯಬೇಕೆಂಬುದು ಪದ್ಧತಿ. ಇವರು "ನೀನೇ ಮೊದಲು ಹೊಡಿ" ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಯಾವ ಕ್ಲಬ್ಬು, ಎಲ್ಲಿ ಬಿತ್ತು, ಕುಳಿಯ ಬಾವುಟ ಇವತ್ತು ಎಡಕ್ಕೋ ಬಲಕ್ಕೋ ಎಂದು ಬಾಯಿ ಬಿಡಿಸುತ್ತಿದ್ದರು. ಡಾಕ್ಟರನ ಬಾಯಿ ಮೊದಲೇ ಬೊಂಬಾಯಿ. ಮರಳಿಗೆ ಬಿದ್ದರೆ ಮರಳನ್ನು, ಮರಕ್ಕೆ ಬಡಿದರೆ ಮರವನ್ನು ಬೈಯುತ್ತ ಎಲ್ಲವನ್ನೂ ಒದರುತ್ತಿದ್ದ. ಅದನ್ನೆಲ್ಲ ಕೇಳಿಸಿಕೊಂಡು ಭಾವ ಹದವಾದ ಕ್ಲಬ್ಬೊಂದನ್ನು ಎಳೆದು, ಕುಳಿಯ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಗ್ರೀನಿನ ನಟ್ಟನಡುವೆ ಚೆಂಡಿಡುತ್ತಿದ್ದರು. ಆಮೇಲೆ ಕುಳಿಯವರೆಗೆ ಹುಲ್ಲು ತುಳಿದುಕೊಂಡು ಹೋಗಿ, ತಿರುಗಿ ಬಂದು, "ನೀನು ಬಾವುಟ ಹಿಡ್ಕೊಂಡು ಏನಾದ್ರೂ ಮಾತಾಡ್ತಾ ಇರು" ಎನ್ನುತ್ತಿದ್ದರು. ಅಂತೂ ಡಾಕ್ಟರನ ತಲೆ ತಿನ್ನದೆ ಅವರಿಗೆ ಆಟ ಸಾಗದು.

ಆಪರೇಷನ್ ಟೇಬಲ್ಲಿನ ಮುಂದೆ ಕೂದಲೆಳೆಯಷ್ಟೂ ಅಲುಗದ ಅವನ ಕೈ ಈ ಮೈದಾನದಲ್ಲಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಹೋದ ವಾರ ಸೋತ ಸಿಟ್ಟಿಗೆ ಕ್ಲಬ್ಬನ್ನು ಮಂಡಿಗೆ ಕೊಟ್ಟು ಮುರಿಯಲು ಹೋಗಿ ಮಂಡಿ ಊದಿಸಿಕೊಂಡಿದ್ದ. ಕ್ಲಬ್ಬಿಗೆ ಏನೂ ಆಗಿರಲಿಲ್ಲ.

"ಡಾಕ್ಟ್ರೇ, ಕ್ಲಬ್ ಯಾವುದು ಅಂದೆ."

"ಎದುರಾಳಿಗೆ ಹೇಳೋ ಹಾಗಿಲ್ಲ ಭಾವ. ನಿಯಮ."

ಭಾವ ತಲೆಯ ಟೋಪಿ ಸರಿಮಾಡಿಕೊಂಡರು. "ಬೆಳಿಗ್ಗೆಯಿಂದ ಅದಕ್ಕೇ ಸುಮ್ನಿದ್ದೀಯಾ? ಸರಿ. ನಿಯಮ ಅಂದ್ರೆ ನಿಯಮ."

ಎದುರಿಗೆ ಕೆರೆ, ಕೆರೆಯಾಚೆ ಗ್ರೀನ್. ಮೂರು ಹೊಡೆತದಲ್ಲಿ ಮುಗಿಸಿದರೆ ಪಾರ್. ಬಾವುಟ ಬಲಕ್ಕೆ, ನೀರಿನ ಅಂಚಿನಲ್ಲೇ ನಿಂತು ಕೈಬೀಸಿ ಕರೆಯುತ್ತಿತ್ತು. ಎಂದಿನ ಡಾಕ್ಟರನಾಗಿದ್ದರೆ ನೇರ ಅದಕ್ಕೇ ಗುರಿಯಿಟ್ಟು, ಎಂಟನೇ ನಂಬರಿನ ಕ್ಲಬ್ಬಿನಲ್ಲಿ ಮೈಮುರಿದು ಹೊಡೆದು, ಚೆಂಡನ್ನು ಮೀನುಗಳಿಗೆ ಒಪ್ಪಿಸುತ್ತಿದ್ದ. ಇವತ್ತು ಭಾವನದೇ ಬುದ್ಧಿಯನ್ನು ಕದ್ದ. ಎದುರುಗಾಳಿಯಿತ್ತು. ಇನ್ನೂ ದೂರ ಹೋಗುವ ಆರನೇ ನಂಬರಿನದನ್ನು ತೆಗೆದುಕೊಂಡು, ಬಾವುಟದ ಆಸೆ ಬಿಟ್ಟು, ಎಡಗಡೆಯ ಅಗಲ ಹುಲ್ಲಿನತ್ತ ಮೆತ್ತಗೆ ಬೀಸಿದ. ಚೆಂಡು ನೀರು ದಾಟಿ ಗ್ರೀನಿನ ಮೇಲೆ ಕೂತಿತು.

"ಎಲ್ಲಿ ಬಿತ್ತು?"

"ನೋಡಿದ್ರಲ್ಲ."

ಭಾವ ಬ್ಯಾಗಿಗೆ ಕೈಹಾಕಿ ಕ್ಲಬ್ಬುಗಳನ್ನು ಒಂದೊಂದಾಗಿ ಸವರಿದರು. ಒಂದನ್ನು ಎಳೆದರು, ಮತ್ತೆ ಇಟ್ಟರು, ಇನ್ನೊಂದನ್ನು ಎಳೆದರು. ಈ ನಾಟಕವೆಲ್ಲ ತನ್ನನ್ನು ಕಾಡಿಸಲಿಕ್ಕೇ ಎಂದು ಡಾಕ್ಟರ ಹಲ್ಲು ಕಚ್ಚಿದ. ಹೊಡೆತವೇನೋ ಚೆನ್ನಾಗಿಯೇ ಇತ್ತು. ಚೆಂಡು ಎತ್ತರಕ್ಕೆ ಹೋಗಿ, ಗಾಳಿಗೆ ಸೋತು, ಕೆರೆಗೆ ಬಿತ್ತು.

"ನೀರಾ?"

"ಮತ್ತೇನು, ಹಾಲಾ?"

ಡಾಕ್ಟರ ಗ್ರೀನಿನ ಮೇಲೆ ಎರಡು ಸಲ ಮೆಲ್ಲಗೆ ತಳ್ಳಿ ಪಾರ್ ಮುಗಿಸಿದ. ಕೊನೆಗೂ ಗೆದ್ದಿದ್ದ! ಭಾವ ಕೈ ಚಾಚಿದರು. ಎತ್ತಲೋ ನೋಡುತ್ತ ಚಾಚಿದ್ದರಿಂದ ಡಾಕ್ಟರನೇ ಪಕ್ಕಕ್ಕೆ ಸರಿದು ಅದನ್ನು ಹಿಡಿಯಬೇಕಾಯಿತು. ಸೋತವರಿಗೆ ಮುಖ ನೋಡುವುದೂ ಕಷ್ಟ ಎಂದುಕೊಂಡ.

"ಇಷ್ಟು ದಿನ ನನ್ನ ಜತೆ ಆಡಿದೆಯಲ್ಲಪ್ಪ, ಅದೇ ದೊಡ್ಡದು," ಎಂದರು ಭಾವ. "ಇನ್ನು ನನ್ನ ಆಟ ಸಾಕು."

ಒಂದೇ ಒಂದು ಸೋಲಿಗೆ ಇಷ್ಟು ಮುನಿಸೇ? ತಾನು ವರ್ಷಗಟ್ಟಲೆ ಸೋತೂ ಮರುವಾರ ಬಂದು ನಿಂತಿಲ್ಲವೇ? ಬಾಯಿಗೆ ಬಂದ ಗೆಲುವಿನ ರುಚಿಯೂ ಕಹಿಯಾಯಿತು.

ಭಾವ ಒಳಗೆ ಶೂ ಬದಲಿಸುತ್ತಿದ್ದರು. ಹೊರಗೆ ಅಕ್ಕ ಕಾರಿನ ಪಕ್ಕ ಕಾಯುತ್ತಿದ್ದಳು. ಕೆಲಸದಿಂದ ನಿವೃತ್ತರಾದ ಮೇಲೆ ಭಾವ ದೊರೆಯ ಹಾಗೆ ಕೂತು ಬರುವುದು, ಅಕ್ಕ ಕಾರು ಓಡಿಸುವುದು.

"ಗೆದ್ದೆ ಅಕ್ಕ!"

"ಹೌದೇನೋ? ಅದು ಹೇಗೋ?"

"ಬಾಯಿಗೆ ಬೀಗ ಹಾಕ್ಕೊಂಡೆ. ಯಾವ ಕ್ಲಬ್ಬು, ಬಾವುಟ ಎಲ್ಲಿ, ಚೆಂಡು ಎಲ್ಲಿ ಬಿತ್ತು, ಒಂದೂ ಹೇಳಲಿಲ್ಲ. ನಿನ್ನ ಯಜಮಾನ್ರು ಕಂಗಾಲು!"

ಅಕ್ಕನ ನಗು ಅಲ್ಲೇ ನಿಂತಿತು.

"ಒಂದೂ ಹೇಳಲಿಲ್ವಾ? ಅಷ್ಟು ಬೇಜಾರಾಗಿದ್ರೆ ಬರಲ್ಲ ಅನ್ನಬಹುದಿತ್ತಲ್ಲೋ. ಪ್ರತಿ ವಾರ ಮನೆಗೆ ಬಂದು ನಿನ್ನನ್ನೇ ಹೊಗಳೋರು. 'ಒಂದು ದಿನಾನೂ ಅದರ ಮಾತೆತ್ತಲಿಲ್ಲ ನೋಡು. ಬೈಯೋ ನೆಪದಲ್ಲಿ ಎಲ್ಲಾ ಹೇಳಿಬಿಡ್ತಾನೆ, ನನ್ನ ಮಾನ ಉಳಿಸ್ತಾನೆ' ಅಂತ."

"ಯಾವುದರ ಮಾತು? ಏನಂತಿದ್ದೀಯ ನೀನು?"

ಅಕ್ಕ ಅವನ ಮುಖವನ್ನೇ ನೋಡಿದಳು. ಅವನಿಗೆ ನಿಜವಾಗಿಯೂ ಅರ್ಥವಾಗಿಲ್ಲ ಎಂಬುದು ಅವಳಿಗೆ ಹೊಳೆಯಲು ಸ್ವಲ್ಪ ಸಮಯ ಹಿಡಿಯಿತು.

"ಅವರಿಗೆ ಕಣ್ಣು ಹೋಗಿದೆ ಅಂತ ನಿನಗೂ ನಾವು ಬಾಯಿಬಿಟ್ಟು ಹೇಳ್ಬೇಕಿತ್ತೇನೋ, ಊರಿಗೆಲ್ಲ ಕಣ್ಣು ನೋಡೋ ಡಾಕ್ಟರಿಗೆ?"