ಫೀಸಿನ ಕೊಸರು

ಏಳನೆಯ ಬಳೆ ಗಾಳೆಮ್ಮನ ಹೆಬ್ಬೆರಳಿನ ಗಂಟಿಗೆ ಬಂದು ನಿಂತುಬಿಟ್ಟಿತು. ಬಳೆಗಾರ್ತಿ ಖಾಸಿಂಬೀ ಆ ಕೈಯನ್ನು ತನ್ನ ಮೊಣಕಾಲಿನ ಮೇಲೆ ಎಳೆದುಕೊಂಡು, ಹಿಟ್ಟು ನಾದಿದ ಹಾಗೆ ಮೆಲ್ಲಗೆ ನಾದತೊಡಗಿದಳು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಮುಗಿಸಿ, ಇದ್ದ ಬಳೆಗಳನ್ನೆಲ್ಲ ಕೆಸರಿಗೆ ಒಪ್ಪಿಸಿ, ಗಾಳೆಮ್ಮ ಪ್ರತಿ ವರ್ಷವೂ ತುರ್ವಿಹಾಳದಿಂದ ಬಸ್ಸು ಹತ್ತಿ ಮಸ್ಕಿಯ ಈ ಅಂಗಡಿಗೇ ಬರುವವಳು. ಮೂವತ್ತು ವರ್ಷದ ಗಿರಾಕಿ.

ಆದರೆ ಖಾಸಿಂಬೀಯ ಕಣ್ಣು ಗಿರಾಕಿಯ ಕೈಮೇಲೆ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತ ಮೊಮ್ಮಗಳು ವಸೀಮಾಳ ಮೇಲಿತ್ತು. ಹುಡುಗಿ ಮೊಬೈಲಿನಲ್ಲಿ ಬರೆಯುವುದು, ಅಳಿಸುವುದು. ಹದಿನೈದು ದಿನದಿಂದ ಇದೇ ಆಗಿತ್ತು. ಐರ್ಲೆಂಡಿನ ಒಂದು ಕಾಲೇಜು ಅವಳಿಗೆ ಎಂ.ಬಿ.ಎ. ಸೀಟು ಕೊಟ್ಟಿತ್ತು. ಬ್ಯಾಂಕು ಸಾಲ ಕೊಡಲು ಒಪ್ಪಿತ್ತು. ಹಟ್ಟಿಯ ಗಣಿಯಲ್ಲಿ ದುಡಿಯುವ ಅಪ್ಪ ನಾಸೀರ್ ತನ್ನ ಪಿ.ಎಫ್. ಬಿಡಿಸಿದ್ದ. ಅಷ್ಟಾದರೂ ಇನ್ನೂ ಮೂರು ಲಕ್ಷ ಕಡಿಮೆ. ಫೀಸಿನಲ್ಲಿ ರಿಯಾಯಿತಿ ಬೇಕಾದವರು ಪತ್ರ ಬರೆದು ಕೇಳಬಹುದೆಂದು ಕಾಲೇಜಿನವರೇ ತಿಳಿಸಿದ್ದರು. ಅದಕ್ಕೆ ಇವತ್ತೇ ಕಡೆಯ ದಿನ. ಅಲ್ಲಿ ಮಧ್ಯಾಹ್ನ ಹನ್ನೆರಡು ಹೊಡೆದರೆ, ಅಂದರೆ ಇಲ್ಲಿ ನಾಲ್ಕೂವರೆಯಾದರೆ, ಬಾಗಿಲು ಮುಚ್ಚಿದ ಹಾಗೆ. ಗಡಿಯಾರ ಆಗಲೇ ನಾಲ್ಕು ದಾಟಿತ್ತು.

“ಇನ್ನೂ ಕಳಸಿಲ್ಲೇನು ಬೇಟಾ?”

“ಕಳಸ್ತೀನಿ ದಾದಿ.”

“ನಿನ್ನೀನೂ ಇದನ್ನ ಅಂದಿ. ಏನ್ ಬರದೀದಿ, ಓದು ಒಂದೀಟು. ನಮ್ಮ ಮಾತಿನ್ಯಾಗ ಓದು, ಗಾಳೆಮ್ಮನೂ ಕೇಳ್ಲಿ.”

ವಸೀಮಾ ತಲೆ ತಗ್ಗಿಸಿಕೊಂಡೇ ಓದಿದಳು. ಮೂರು ಪುಟದ ಪತ್ರ. ತಾವು ಕಡುಬಡವರು, ಅಪ್ಪನ ಸಂಬಳ ಒಪ್ಪತ್ತಿನ ಊಟಕ್ಕೂ ಸಾಲುವುದಿಲ್ಲ, ಸಾಕಿ ಬೆಳೆಸಿದ ಅಜ್ಜಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ…

ಗಾಳೆಮ್ಮ ನಕ್ಕ ಅಬ್ಬರಕ್ಕೆ ಗಂಟಿನಲ್ಲಿ ನಿಂತಿದ್ದ ಬಳೆ ಚಟ್ಟನೆ ಒಡೆಯಿತು.

“ಹಾಸಿಗಿ ಹಿಡದ ಮುದುಕೀನ ಹಿಂಗ ನನ್ ಕೈ ಹಿಂಡಾಕತ್ತಾಳ! ಎದ್ದು ಅಡ್ಯಾಡಿದ್ರ ನಮ್ಮ ಗತಿ ಏನವ್ವಾ!”

“ನೀ ಸುಮ್ಕಿರು ಬೇ,” ಎಂದು ಖಾಸಿಂಬೀ ಚೂರುಗಳನ್ನು ಆರಿಸಿ ಡಬ್ಬಿಗೆ ಹಾಕಿದಳು. ತೊಡಿಸುವಾಗ ಒಡೆದ ಬಳೆ ಮಾರುವವಳ ಲೆಕ್ಕಕ್ಕೇ, ಅದರ ಮಾತಿಲ್ಲ. ಆದರೆ ಹುಬ್ಬು ಗಂಟಿಕ್ಕಿತ್ತು. “ಹಿಂಗ ಬರಿ ಅಂತ ಯಾರ್ ಹೇಳಿದ್ರು ನಿನಗ?”

“ನನ್ ಗೆಳತಿ ಫಿರ್ದೋಸ್. ಅತ್ರ ಮಾತ್ರ ಕೊಡ್ತಾರಂತ. ಬರದೀನಿ ಖರೆ. ಕಳಸಾಕ ಬೆರಳು ಏಳವಲ್ದು. ನಿನ್ನ ಹಾಸಿಗ್ಯಾಗ ಕೆಡವಿ ನಾ ವಿಮಾನ ಹತ್ತಲೇನು? ಆ ಸಾಲು ತಗದ್ರ ಪತ್ರದಾಗ ಜೀವಾನ ಇರಂಗಿಲ್ಲ. ಹೋಗ್ಲಿ ಬಿಡು ದಾದಿ, ಸೀಟೇ ಬ್ಯಾಡ.”

ಖಾಸಿಂಬೀ ಉಳಿದ ಬಳೆಗಳನ್ನು ಒಂದೊಂದಾಗಿ ತೊಡಿಸಿ ಮುಗಿಸಿದಳು. ಗಾಳೆಮ್ಮ ಸೆರಗಿನ ಗಂಟು ಬಿಚ್ಚಿ, ಒಪ್ಪಿದಷ್ಟು ರೊಕ್ಕ ಕೊಟ್ಟಳು. ಕೊಟ್ಟವಳು ಎದ್ದು ಹೋಗಲಿಲ್ಲ. ಎರಡೂ ಕೈ ಮತ್ತೆ ಮುಂದಿಟ್ಟಳು.

“ಕೊಸರು ಇಡಸು ಬೇ.”

ಕೇಳುವಾಗಲೇ ಅವಳ ಕಣ್ಣು ಹಸಿರು ಬಳೆಗಳಲ್ಲಿ ತನಗೆ ಬೇಕಾದವನ್ನು ಆರಿಸುತ್ತಿತ್ತು. ಖಾಸಿಂಬೀ ಕೊಂಡದ್ದರ ಮೇಲೆ ಕೈಗೊಂದರಂತೆ ಎರಡು ಬಳೆ ಪುಕ್ಕಟೆಯಾಗಿ ತೊಡಿಸುತ್ತ ಮೊಮ್ಮಗಳತ್ತ ತಿರುಗಿದಳು.

“ನೋಡಿದೇನು? ಮೂವತ್ತು ವರ್ಷ ಆತು, ಈಕಿ ಒಮ್ಮೆರ ಕೊಸರು ಬಿಟ್ಟು ಹೋಗ್ಯಾಳೇನು? ಅದಕ್ಕಂತ ನನ್ ಮುಂದ ಅತ್ತಾಳೇನು?”

“ನಾ ಯಾಕ ಅಳ್ಲಿ?” ಗಾಳೆಮ್ಮ ಮೂಗು ಮುರಿದಳು. “ರೊಕ್ಕ ಕೊಟ್ಟೀನಿ. ಕೊಸರು ನನ್ ಹಕ್ಕು.”

“ಹಕ್ಕೇನಲ್ಲ, ನಾ ಕೊಟ್ರ ಉಂಟು, ಇಲ್ಲಾಂದ್ರ ಇಲ್ಲ. ಆದ್ರ ಕೇಳಾಕ ನಾಚಿಕಿ ಯಾಕ? ಲೇ ವಸೀಮಾ, ನೀನೂ ಗಿರಾಕಿನ. ಎಷ್ಟು ಹೊಂದಿಸೀವಿ, ಬರಿ. ಎಷ್ಟು ಕಡಿಮಿ ಬಿದ್ದೈತಿ, ಬರಿ. ಸಿಂಧನೂರಿನ ಬೀಜದ ಅಂಗಡ್ಯಾಗ ಎರಡು ವರ್ಷ ಲೆಕ್ಕಾ ನೋಡೀದಿ, ರೈತರ ಕೂಡ ಜಗಳಾಡಿ ಬಾಕಿ ವಸೂಲಿ ಮಾಡೀದಿ, ಅದನ್ನೂ ಬರಿ. ನಿನ್ನಂಥಾಕಿ ಬಂದ್ರ ಅವ್ರಿಗೂ ಲಾಭ ಐತಿ. ಬರದು, ಕೊಸರು ಕೇಳು. ವ್ಯಾಪಾರ ಕಲಿಯಾಕ ಹೊಂಟಾಕಿ ಇಷ್ಟೂ ಕೇಳ್ಲಿಲ್ಲಂದ್ರ ಅವ್ರರ ನಿನಗ ಏನ್ ಕಲಿಸ್ಯಾರು?”

ಮೊಬೈಲಿನ ಮೇಲೆ ವಸೀಮಾಳ ಬೆರಳು ಓಡತೊಡಗಿತು. ಹಾಸಿಗೆ ಹಿಡಿದ ಅಜ್ಜಿ ಮೊದಲು ಎದ್ದು ಹೋದಳು. ಅವಳ ಬೆನ್ನಿಗೇ ಒಪ್ಪತ್ತಿನ ಊಟ ಹೋಯಿತು, ಕಡುಬಡತನ ಹೋಯಿತು. ಮೂರು ಪುಟ ಒಂಬತ್ತು ಸಾಲಿಗೆ ಇಳಿಯಿತು. ಕಡೆಯ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿ ಹೇಳಿದಳು: ಫೀಸಿನಲ್ಲಿ ನೀವು ಮೂರು ಲಕ್ಷದಷ್ಟು ಬಿಟ್ಟುಕೊಟ್ಟರೆ, ಜನವರಿಯ ಮೊದಲ ತರಗತಿಯಲ್ಲಿ ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಖಾಸಿಂಬೀ ಒಂದು ಸಲ ತಲೆಯಾಡಿಸಿದಳು. ನಾಲ್ಕೂವರೆಗೆ ಇನ್ನು ನಾಲ್ಕು ನಿಮಿಷವಿತ್ತು.

“ಆಗಂಗಿಲ್ಲ ಅಂದ್ರ?” ಕೇಳಿದವಳು ಗಾಳೆಮ್ಮ. ಬಸ್ಸಿಗೆ ಹೊತ್ತಾಗಿದ್ದರೂ ಹೊಸ್ತಿಲಿನಿಂದ ಕದಲಿರಲಿಲ್ಲ.

ವಸೀಮಾ ತಲೆ ಎತ್ತಿದಳು.

“ಹಂಗಾದ್ರ ಎಷ್ಟು ಆಗ್ತೈತಿ ಅಂತ ಕೇಳ್ತೀನಿ, ಅತ್ತಿ,” ಎಂದು ಪತ್ರ ಕಳಿಸಿಬಿಟ್ಟಳು.