ಶಾರ್ಕಿಗೆ ಹೆಸರಿಟ್ಟ ಸಂಜೆ

“ಐದು ಗಂಟೆಯೊಳಗೆ ವಿಜ್ಞಾನ ಪತ್ರಿಕೆಗೆ ಹೆಸರು ಕಳಿಸ್ಬೇಕಂತೆ ಅಪ್ಪಾ! ತಡ ಆದ್ರೆ ಬೇರೆ ದೇಶದೋರು ನಮಗಿಂತ ಮುಂಚೆ ಅಚ್ಚು ಹಾಕಿಸ್ತಾರೆ. ಮೊದಲು ಅಚ್ಚಾದ ಹೆಸರೇ ಖಾಯಂ!”

ವಚನಾ ವಿಜಯನಗರದ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದೇ ಕುಣಿದಳು. ಕುಣಿಯದೆ ಇನ್ನೇನು? ಮೀನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳು ಇದುವರೆಗೆ ಯಾರೂ ಗುರುತಿಸದ ಶಾರ್ಕೊಂದನ್ನು ಪತ್ತೆ ಹಚ್ಚಿದ್ದಳು. ಮೊಳದುದ್ದದ್ದೇ ಇರಲಿ, ಹೊಸ ಜಾತಿ!

ತಂದೆ ಕೊಟ್ರೇಶ್ ಅವಳಿಗಿಂತ ಒಂದು ಕೈ ಮೇಲು. “ಅದಕ್ಯಾಕೆ ಯೋಚನೆ? ನಿಮ್ಮಜ್ಜನ ಹೆಸರಿಡು. ರೇವಣಸಿದ್ದಯ್ಯ! ನಾಳೆನೇ ಸರ್ಕಲ್ಲಲ್ಲಿ ಫ್ಲೆಕ್ಸ್ ಹಾಕಿಸ್ತೀನಿ.”

ಅವರೇಕಾಯಿ ಸುಲಿಯುತ್ತಿದ್ದ ಅಜ್ಜಿ ಜಗದಾಂಬಾ ತಲೆಯೆತ್ತಿದರು. “ಮೊಟ್ಟೆ ಅಂಗಡಿ ಕಂಡ್ರೆ ರಸ್ತೆ ದಾಟ್ತಿದ್ದೋರ ಹೆಸರು ಮೀನಿಗಾ? ಚೆನ್ನಾಗಿದೆ! ಅದಿರ್ಲಿ, ಇಷ್ಟು ದಿನ ಎಲ್ಲಿತ್ತೇ ಅದು?”

“ಮ್ಯೂಸಿಯಂ ಜಾಡಿಲಿ ಅಜ್ಜಿ, ಅರವತ್ತು ವರ್ಷದಿಂದ. ನೋಡೋಕೆ ಇದೇ ಥರ ಇರೋ ಇನ್ನೊಂದು ಶಾರ್ಕ್‌ಗೆ ಬ್ರಿಟಿಷರ ಕಾಲದಲ್ಲೇ ಹೆಸರಿಟ್ಟಿದ್ರು. ಇದಕ್ಕೂ ಅದನ್ನೇ ಅಂಟಿಸಿ ಮುಚ್ಚಳ ಹಾಕಿಬಿಟ್ಟಿದಾರೆ. ಹಲ್ಲು ಬೇರೆ, ಈಜುರೆಕ್ಕೆ ಬೇರೆ. ಯಾರೂ ತೆಗೆದು ನೋಡ್ಲೇ ಇಲ್ಲ!”

ಅಜ್ಜಿಯ ಕೈ ನಿಂತಿತು. “ಪಾಪ, ನನ್ನ ಹಂಗೇ ಆಯ್ತಲ್ಲೇ.”

“ನಿನ್ನ ಹಂಗಾ?”

“ಹ್ಞೂಂ. ಈ ಮನೆಗೆ ಬಂದಾಗ ನಾನು ಹಂಪಮ್ಮ. ನಮ್ಮತ್ತೆ ಹೆಸರೂ ಅದೇ. ಅತ್ತೆ ಹೆಸರು ಹಿಡಿದು ಸೊಸೆನ ಗದರೋಕಾಗುತ್ತಾ? ತಟ್ಟೇಲಿ ಅಕ್ಕಿ ಹರಡಿ ಜಗದಾಂಬಾ ಅಂತ ಬರೆಸಿದ್ರು. ಅಪ್ಪ ಅವ್ವ ಹೋದ್ಮೇಲೆ ಹಂಪಮ್ಮ ಅಂತ ಕೂಗೋರೇ ಇಲ್ಲ.” ಅಜ್ಜಿ ಬುಟ್ಟಿ ಎತ್ತಿಕೊಂಡು ಎದ್ದರು. “ನನ್ನ ಪುರಾಣ ಬಿಡು, ಹೊತ್ತಾಗುತ್ತೆ. ಏನೋ ಒಂದು ಕಳಿಸು.”

ಅಜ್ಜಿ ಅಡುಗೆಮನೆ ಸೇರಿದರೂ ಕೊಟ್ರೇಶ್ ತೆರೆದ ಬಾಯಿ ಮುಚ್ಚಿರಲಿಲ್ಲ. ಹೆತ್ತವ್ವನ ಹುಟ್ಟುಹೆಸರು ತಲೆ ನರೆತ ಮಗನಿಗೇ ಗೊತ್ತಿರಲಿಲ್ಲ. ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ವಚನಾ ತಂದೆಯ ಮುಖ ನೋಡಿದಳು. “ಅಪ್ಪಾ, ಮತ್ತೆ ಅಜ್ಜನ ಹೆಸರು?”

“ಅಜ್ಜನ ಹೆಸರು ಮನೆ ಗೇಟಿನ ಮೇಲಿದೆ, ನನ್ನ ಇನಿಷಿಯಲ್ಲಲ್ಲೂ ಇದೆ. ಅವ್ವಂದು ಹಾಕು. ಬೇಗ, ಬೇಗ!”

ವಚನಾಳ ಬೆರಳು ಓಡಿತು. ವೈಜ್ಞಾನಿಕ ಹೆಸರುಗಳ ರೂಢಿಯಂತೆ ಹಂಪಮ್ಮನ ಹೆಸರಿಗೆ ಲ್ಯಾಟಿನ್ನಿನ ಪುಟ್ಟ ಬಾಲವೊಂದನ್ನು ಅಂಟಿಸಿ ಕಳಿಸಿದಳು. ಅಪ್ಪ ಮಗಳಿಬ್ಬರೂ ಪರದೆಯನ್ನೇ ನೋಡಿದರು. ಉತ್ತರ ಬಂತು: ಹೆಸರು ಸೇರಿದೆ, ಲೇಖನ ಅಚ್ಚಿಗೆ ಹೋಗುತ್ತಿದೆ.

“ಹಂಪಮ್ಮಾ!” ವಚನಾ ಮನೆ ಹಾರಿಹೋಗುವಂತೆ ಕಿರುಚಿದಳು.

ಒಳಗೆ ಕುಕ್ಕರ್ ಕೂಗುತ್ತಿತ್ತು. ಅದನ್ನೂ ಮೀರಿ, ಒಂದು ಕ್ಷಣವೂ ತಡೆಯದೆ ಅಜ್ಜಿಯ ದನಿ ಬಂತು: “ಓ... ಬಂದೇ!”